ಗಂಡನ ಆಸ್ತಿ, ಹೆಂಡತಿಯ ಹಕ್ಕು: ಕಾಸರಗೋಡಿನ ಮನೆಗಳಿಗೆ ಕಾನೂನು ಏನು ಹೇಳುತ್ತದೆ

2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಒಂದು ಮುಖ್ಯ ತೀರ್ಪು ನೀಡಿತು. 2004ರ ಡಿಸೆಂಬರ್ 20ರ ನಂತರ ತೀರಿಕೊಂಡ ಹಿಂದೂವಿನ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಕೇರಳದಲ್ಲಿಯೂ ಇದೆ ಎಂಬುದು ಅದರ ಸಾರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ 2005ರ ತಿದ್ದುಪಡಿ ಈ ಹಕ್ಕನ್ನು ದೇಶದ ಹಿಂದೂ ಹೆಣ್ಣುಮಕ್ಕಳಿಗೆ ಕೊಟ್ಟಿದ್ದರೂ, ಕೇರಳದ ಹಳೆಯ ಕಾನೂನೊಂದು ಅಡ್ಡ ನಿಂತಿದ್ದರಿಂದ ನಮ್ಮ ಜಿಲ್ಲೆಯಲ್ಲಿ ಅದು ಅನ್ವಯವಾಗುವುದಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು. ಈ ಸುದ್ದಿಯನ್ನು ಓದಿದವರಿಗೆ ಸಹಜವಾಗಿಯೇ ಮುಂದಿನ ಪ್ರಶ್ನೆ ಹುಟ್ಟುತ್ತದೆ: ಮಗಳಿಗೆ ಪಾಲು ಸಿಕ್ಕಿತು, ಹೆಂಡತಿಗೆ ಏನಿದೆ?

ಉತ್ತರ ಒಂದೇ ವಾಕ್ಯದಲ್ಲಿ ಮುಗಿಯುವುದಿಲ್ಲ. ಗಂಡ ಬದುಕಿದ್ದು ಸಂಸಾರ ನಡೆಯುತ್ತಿರುವಾಗ, ಸಂಸಾರ ಮುರಿದಾಗ, ಗಂಡ ತೀರಿಕೊಂಡಾಗ, ಹೀಗೆ ಮೂರು ಸಂದರ್ಭಗಳಲ್ಲಿ ಹೆಂಡತಿಯ ಹಕ್ಕಿನ ಸ್ವರೂಪವೇ ಬೇರೆ. ಇವುಗಳನ್ನು ಒಂದರೊಳಗೊಂದು ಬೆರೆಸಿಬಿಡುವುದೇ ಹೆಚ್ಚಿನ ಗೊಂದಲಗಳಿಗೆ ಕಾರಣ. ಕುಟುಂಬ ಕಾನೂನಿನ ಸುಧಾರಣೆ ಎಂದು ದೇಶದಲ್ಲಿ ನಡೆಯುತ್ತಿರುವ ಚರ್ಚೆಯ ಮುಖ್ಯ ಭಾಗವೂ ಈ ಮೂರು ಸಂದರ್ಭಗಳ ನಡುವೆ ಉಳಿದಿರುವ ಕಂದಕದ ಬಗ್ಗೆಯೇ ಇದೆ.

ಮದುವೆಯಾದರೆ ಆಸ್ತಿ ಒಂದಾಗುವುದಿಲ್ಲ

ಮೊದಲು ತಿಳಿಯಬೇಕಾದ ಸಂಗತಿ ಇದು: ಗೋವಾವನ್ನು ಬಿಟ್ಟರೆ ಭಾರತದಲ್ಲಿ ಸಾಮಾನ್ಯವಾಗಿ ಮದುವೆಯ ಕಾರಣದಿಂದಲೇ ಗಂಡನ ಆಸ್ತಿ ಹೆಂಡತಿಗೆ ಸೇರುವುದಿಲ್ಲ, ಹೆಂಡತಿಯ ಆಸ್ತಿ ಗಂಡನಿಗೂ ಸೇರುವುದಿಲ್ಲ. ಒಂದೇ ಬಾವಿಯ ನೀರುಣ್ಣುವ ಎರಡು ಅಡಿಕೆ ತೋಟಗಳು ಅಕ್ಕಪಕ್ಕದಲ್ಲಿರಬಹುದು, ಕೊಯ್ಲು ಒಟ್ಟಿಗೇ ನಡೆಯಬಹುದು, ಅಡಿಕೆ ಒಂದೇ ಅಂಗಳದಲ್ಲಿ ಒಣಗಬಹುದು. ಆದರೆ ಸರ್ವೆ ನಂಬರು ಎರಡೇ ಆಗಿರುತ್ತದೆ. ದಂಪತಿಯ ಆಸ್ತಿಯನ್ನು ನಮ್ಮ ಕಾನೂನು ನೋಡುವುದು ಹೀಗೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬದಿಯಡ್ಕದ ಕಡೆಯ ಒಂದು ದಂಪತಿಯನ್ನು ಊಹಿಸಿಕೊಳ್ಳೋಣ. ಜಾಗ ಗಂಡನಿಗೆ ಅವರ ತಂದೆಯಿಂದ ಬಂದದ್ದು. ಮನೆ ಕಟ್ಟಲು ಹೆಂಡತಿ ತನ್ನ ಇಪ್ಪತ್ತು ಪವನು ಚಿನ್ನವನ್ನು ಮಾರಿದ್ದಾರೆ, ಉಳಿದ ಹಣಕ್ಕೆ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಸಾಲ ಮಾಡಿ ಅದರ ಕಂತನ್ನು ಹತ್ತು ವರ್ಷ ತಮ್ಮ ಬೀಡಿಯ ಮಜೂರಿಯಿಂದ ತುಂಬಿದ್ದಾರೆ. ವಿಲೇಜ್ ಆಫೀಸಿನಲ್ಲಿ ತೀರ್ವೆಯ ರಸೀದಿ ಗಂಡನ ಹೆಸರಿಗೆ ಬರುತ್ತದೆ, ಪಂಚಾಯತಿನಲ್ಲಿ ಮನೆ ನಂಬರೂ ಅವರದೇ ಹೆಸರಿನಲ್ಲಿದೆ. ನಾಳೆ ವಿಚ್ಛೇದನವಾದರೆ ಆ ಮನೆ ಕಾನೂನಿನ ಕಣ್ಣಿನಲ್ಲಿ ಗಂಡನದು. ಹೆಂಡತಿ ತಾನು ಹಾಕಿದ ಹಣವನ್ನು ಕುಟುಂಬ ನ್ಯಾಯಾಲಯದಲ್ಲಿ ಮರಳಿ ಕೇಳಬಹುದು, ಆದರೆ ಚಿನ್ನ ಮಾರಿದ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕ ಮೊದಲಾದ ಪುರಾವೆಗಳು ಅವರ ಬಳಿ ಇರಬೇಕು. ಹಣ ಹಾಕದೆ, ಮನೆಯ ಕೆಲಸ, ಹಟ್ಟಿಯ ಕೆಲಸ, ಮಕ್ಕಳ ಮತ್ತು ವೃದ್ಧರ ಆರೈಕೆಯಲ್ಲಿ ಅದೇ ಹತ್ತು ವರ್ಷಗಳನ್ನು ಕಳೆದಿದ್ದರೆ ಕೇಳಲು ಚೀಟಿಯೇ ಇರುವುದಿಲ್ಲ. ಈ ದುಡಿಮೆಗೆ ಆಸ್ತಿಯ ಲೆಕ್ಕದಲ್ಲಿ ಸ್ಥಾನವಿಲ್ಲದಿರುವುದು ಇಂದಿನ ಕಾನೂನಿನ ಅತಿ ದೊಡ್ಡ ಕೊರತೆ ಎಂದು ಈ ಲೇಖಕನ ಅಭಿಪ್ರಾಯ.

ಗೋವಾದ ಕ್ರಮ ಬೇರೆ. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕುಟುಂಬ ನಿಯಮಗಳು ಇಂದಿಗೂ ಬಳಕೆಯಲ್ಲಿವೆ. ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ದಂಪತಿಯ ಆಸ್ತಿ ಇಬ್ಬರದೂ ಆಗುತ್ತದೆ, ಸಂಸಾರ ಮುರಿದರೆ ಅರ್ಧರ್ಧ ಹಂಚಿಕೆಯಾಗುತ್ತದೆ.

ಅಳಿಯಸಂತಾನ ಹೋಯಿತು, ಅದರ ಜಾಗಕ್ಕೆ ಏನು ಬಂತು?

ಕಾಸರಗೋಡಿನ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಪದರವಿದೆ. ಇಲ್ಲಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದ ಸಮುದಾಯಗಳು ಅಳಿಯಸಂತಾನ ಕಟ್ಟನ್ನೂ, ದಕ್ಷಿಣದ ಕಡೆಯ ನಾಯರ್, ತೀಯ ಕುಟುಂಬಗಳು ಅದನ್ನೇ ಹೋಲುವ ಮರುಮಕ್ಕತ್ತಾಯವನ್ನೂ ಅನುಸರಿಸುತ್ತಿದ್ದವು. ಹವ್ಯಕ, ಶಿವಳ್ಳಿ, ಕರಾಡ ಬ್ರಾಹ್ಮಣರು ಮಕ್ಕಳ ಸಂತಾನದವರು, ಅಂದರೆ ತಂದೆಯಿಂದ ಮಕ್ಕಳಿಗೆ ಆಸ್ತಿ ಇಳಿಯುವ ಮಿತಾಕ್ಷರ ಪದ್ಧತಿಯವರು. ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಗಂಡನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಿಗೂ ಹೆಚ್ಚೇನೂ ಇರಲಿಲ್ಲ, ಅದು ಆತನ ಅಕ್ಕತಂಗಿಯರ ಮಕ್ಕಳ ಕಡೆಗೆ ಹೋಗುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಇದು ಹೆಂಡತಿಗೆ ಅನ್ಯಾಯವೆನಿಸಬಹುದು. ಆದರೆ ಆಕೆಗೆ ಹುಟ್ಟಿದ ಕುಟುಂಬದಲ್ಲಿ ಸ್ವಂತ ಹಕ್ಕಿತ್ತು. ಸಂಸಾರ ಮುರಿದರೆ ಮಕ್ಕಳನ್ನು ಕರೆದುಕೊಂಡು ಆಕೆ ಹೋಗುತ್ತಿದ್ದುದು ಅಣ್ಣತಮ್ಮಂದಿರ ದಯೆಯ ಮನೆಗಲ್ಲ, ತನ್ನದೇ ಮನೆಗೆ.

ಈ ವ್ಯವಸ್ಥೆ ಹಂತಹಂತವಾಗಿ ಕರಗಿತು. ಕಾಸರಗೋಡು ಇನ್ನೂ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಬಂದ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯು, ಎಲ್ಲರ ಒಪ್ಪಿಗೆಯಿಲ್ಲದೆ ಪಾಲಾಗದಿದ್ದ ಕುಟುಂಬದ ಆಸ್ತಿಯಲ್ಲಿ ಕವರುಗಳಿಗೆ, ಅಂದರೆ ಕುಟುಂಬದ ಶಾಖೆಗಳಿಗೆ, ಪಾಲು ಕೇಳುವ ದಾರಿ ತೆರೆಯಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಅದೇ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಬಳಿಕ ಕೇರಳದ ವಿಧಾನಸಭೆ 1975ರ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ಧತಿ ಕಾಯ್ದೆಯನ್ನು ಮಾಡಿತು. 1976ರ ಡಿಸೆಂಬರ್ 1ರಂದು ಅದು ಜಾರಿಗೆ ಬಂದಾಗ, ಹುಟ್ಟಿನಿಂದಲೇ ಆಸ್ತಿಯಲ್ಲಿ ಹಕ್ಕು ಬರುತ್ತದೆ ಎಂಬ ತತ್ವ ಕೇರಳದಲ್ಲಿ ಕೊನೆಗೊಂಡಿತು. ಆ ದಿನ ಬದುಕಿದ್ದ ಅಳಿಯಸಂತಾನ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೂ ತಲೆಗೊಂದರಂತೆ ಪಾಲಾಗಿದೆ ಎಂದು ಕಾನೂನು ಭಾವಿಸಿತು. ಮಿತಾಕ್ಷರ ಕುಟುಂಬಗಳಲ್ಲಿಯೂ ಅಂದೇ ವಿಭಾಗವಾದಂತೆ ಎಣಿಸಲಾಯಿತು. 2025ರ ತೀರ್ಪು ಈ ಕಾಯ್ದೆಯ 3 ಮತ್ತು 4ನೇ ಸೆಕ್ಷನುಗಳು ಕೇಂದ್ರದ 2005ರ ತಿದ್ದುಪಡಿಗೆ ವಿರುದ್ಧವಾಗಿವೆ ಎಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿಗಳಿಗೆ ಇದರಿಂದ ಧಕ್ಕೆಯಿಲ್ಲ. ಹೆಂಡತಿಯ ಹಕ್ಕನ್ನೂ ಈ ತೀರ್ಪು ಬದಲಿಸುವುದಿಲ್ಲ, ಏಕೆಂದರೆ ಗಂಡನ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಬರುವುದು ಮಕ್ಕಳಿಗೆ, ಸೊಸೆಯಾಗಿ ಬಂದವರಿಗಲ್ಲ.

ಕೂಡುಕುಟುಂಬ ಕರಗಿ ಗಂಡ, ಹೆಂಡತಿ, ಮಕ್ಕಳ ಸಣ್ಣ ಸಂಸಾರ ರೂಢಿಗೆ ಬಂದ ಮೇಲೆ ಹೆಣ್ಣಿನ ಭದ್ರತೆ ಹುಟ್ಟಿದ ಮನೆಯಿಂದ ಗಂಡನ ಮನೆಗೆ ವರ್ಗವಾಯಿತು. ಆದರೆ ಆಸ್ತಿಯ ಕಾನೂನು ಅದರೊಂದಿಗೆ ವರ್ಗವಾಗಲಿಲ್ಲ. ಹಳೆಯ ಆಧಾರ ಹೋದದ್ದು 1976ರಲ್ಲಿ. ಸಂಸಾರ ಮುರಿದಾಗ ಗಂಡಹೆಂಡಿರು ಕೂಡಿ ಗಳಿಸಿದ್ದರಲ್ಲಿ ಪಾಲು ಎಂಬ ಹೊಸ ಆಧಾರ ಇನ್ನೂ ಬಂದಿಲ್ಲ.

ಜೀವನಾಂಶ: ಪಾಲಲ್ಲ, ಪೋಷಣೆ

ಆಸ್ತಿಯಲ್ಲಿ ಪಾಲಿಲ್ಲದ ಹೆಂಡತಿಗೆ ಕಾನೂನು ಕೊಟ್ಟಿರುವುದು ಜೀವನಾಂಶದ ಹಕ್ಕನ್ನು. ಎಲ್ಲ ಧರ್ಮದವರಿಗೂ ಅನ್ವಯವಾಗುವ ನಿಯಮ ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಕೋರ್ಟಿನ ವರಾಂಡದಲ್ಲಿ ಈಗಲೂ 125 ಎಂಬ ಸಂಖ್ಯೆಯೇ ಕೇಳಿಬಂದರೆ ಗಾಬರಿಪಡಬೇಕಿಲ್ಲ, ವಿಷಯ ಒಂದೇ. ತನ್ನನ್ನು ತಾನು ಸಾಕಿಕೊಳ್ಳಲಾಗದ ಹೆಂಡತಿ, ಮಕ್ಕಳು, ತಂದೆತಾಯಿ, ಸಾಮರ್ಥ್ಯವಿದ್ದೂ ಕಡೆಗಣಿಸಿದವನಿಂದ ತಿಂಗಳ ಹಣ ಕೇಳಬಹುದು. ವಿಚ್ಛೇದನವಾಗಿ ಮರುಮದುವೆಯಾಗದ ಮಹಿಳೆಯನ್ನೂ ಇಲ್ಲಿ ಹೆಂಡತಿ ಎಂದೇ ಎಣಿಸಲಾಗುತ್ತದೆ. ಸಕಾರಣವಿಲ್ಲದೆ ಗಂಡನೊಂದಿಗೆ ಇರಲು ನಿರಾಕರಿಸಿದರೆ, ಇಬ್ಬರೂ ಒಪ್ಪಿ ಬೇರೆಯಾಗಿ ವಾಸವಾಗಿದ್ದರೆ, ಅಥವಾ ವ್ಯಭಿಚಾರ ರುಜುವಾತಾದರೆ ಈ ಹಕ್ಕು ಇಲ್ಲವಾಗುತ್ತದೆ.

ಮುಸ್ಲಿಂ ಮಹಿಳೆಯರ ವಿಷಯದಲ್ಲಿ ದಾರಿ ಸುತ್ತುಬಳಸಿನದ್ದಾಗಿತ್ತು. 1985ರ ಶಾ ಬಾನೋ ತೀರ್ಪು ವಿಚ್ಛೇದಿತೆಗೆ 125ರ ಅಡಿಯಲ್ಲಿ ಜೀವನಾಂಶ ಕೊಟ್ಟಿತು, 1986ರಲ್ಲಿ ಸಂಸತ್ತು ಅವರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಇದ್ದತ್, ಅಂದರೆ ವಿಚ್ಛೇದನದ ನಂತರ ಹೆಂಡತಿ ಕಾಯಬೇಕಾದ ಅವಧಿಯೊಳಗೆ ಗಂಡ ಕೊಡಬೇಕಾದದ್ದು ಆ ಮೂರು ತಿಂಗಳ ಖರ್ಚಷ್ಟೇ ಅಲ್ಲ, ಮುಂದಿನ ಬದುಕಿಗೂ ಸಾಕಾಗುವ ನ್ಯಾಯವಾದ ಏರ್ಪಾಡು ಎಂದು ಸುಪ್ರೀಂ ಕೋರ್ಟು 2001ರಲ್ಲಿ ವಿವರಿಸಿತು. 2024ರ ಜುಲೈ 10ರಂದು ಅದೇ ಕೋರ್ಟು, ಪ್ರತ್ಯೇಕ ಕಾಯ್ದೆಯಿದ್ದರೂ 125ರ ಬಾಗಿಲು ಮುಸ್ಲಿಂ ವಿಚ್ಛೇದಿತೆಗೆ ಮುಚ್ಚಿಲ್ಲ ಎಂದು ಸ್ಪಷ್ಟಪಡಿಸಿತು. ಆದ್ದರಿಂದ ಉಪ್ಪಳದ ಮುಸ್ಲಿಂ ಮಹಿಳೆಗೂ ಕುಂಬಳೆಯ ಹಿಂದೂ ಮಹಿಳೆಗೂ ಬೇಳದ ಕ್ರೈಸ್ತ ಮಹಿಳೆಗೂ ಈ ಒಂದು ದಾರಿ ಸಮಾನವಾಗಿ ತೆರೆದಿದೆ. ಇದಲ್ಲದೆ ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಸೆಕ್ಷನುಗಳಲ್ಲಿ ವ್ಯಾಜ್ಯ ನಡೆಯುವಾಗಿನ ಖರ್ಚು ಮತ್ತು ಶಾಶ್ವತ ಜೀವನಾಂಶಕ್ಕೆ ಅವಕಾಶವಿದ್ದು, ಆದಾಯವಿಲ್ಲದ ಗಂಡನೂ ಅದನ್ನು ಕೇಳಬಹುದು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

ಮೊತ್ತ ಎಷ್ಟು? ಕಾಯ್ದೆಯಲ್ಲಿ ಸಂಬಳದ ಇಂತಿಷ್ಟು ಭಾಗ ಎಂಬ ನಿಗದಿಯಿಲ್ಲ. 2001ರವರೆಗೆ 125ರ ಅಡಿಯಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ; ಆ ಮಿತಿ ಈಗಿಲ್ಲ. ಇಬ್ಬರ ಆದಾಯ, ಬದುಕಿನ ಮಟ್ಟ, ಮಕ್ಕಳ ಖರ್ಚು, ಗಂಡನ ಮೇಲಿರುವ ಇತರರ ಹೊಣೆ ಎಲ್ಲವನ್ನೂ ನೋಡಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಹಿಂದೆ ದೊಡ್ಡ ತೊಡಕಾಗಿದ್ದುದು ಆದಾಯವನ್ನು ಮುಚ್ಚಿಡುವುದು. ಗಂಡ ಗಲ್ಫಿನಲ್ಲಿದ್ದರಂತೂ ಸಂಬಳ ಎಷ್ಟೆಂದು ಊರಿನಲ್ಲಿರುವ ಹೆಂಡತಿ ಸಾಧಿಸಿ ತೋರಿಸುವುದು ಕಷ್ಟ. 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗಂಡ ಮತ್ತು ಹೆಂಡತಿ ಇಬ್ಬರೂ ತಮ್ಮ ಆದಾಯ, ಬ್ಯಾಂಕ್ ಖಾತೆ, ಜಮೀನು, ವಾಹನ, ಸಾಲ ಎಲ್ಲವನ್ನೂ ನಿಗದಿತ ನಮೂನೆಯಲ್ಲಿ ಅಫಿಡವಿಟ್ ಮೂಲಕ ಹೇಳಲೇಬೇಕು ಎಂದಿತು. ಜೀವನಾಂಶ ಲೆಕ್ಕವಾಗಬೇಕಾದದ್ದು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಎಂದೂ ಅದೇ ತೀರ್ಪು ಹೇಳಿದೆ. ಪ್ರಕರಣ ವರ್ಷಗಟ್ಟಲೆ ಎಳೆದರೆ ಗಂಡನಿಗೆ ಲಾಭ ಎಂಬ ಸ್ಥಿತಿಯನ್ನು ಈ ಒಂದು ಸಾಲು ಬದಲಿಸಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರಾಳಿಗೆ ನೋಟಿಸ್ ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದೇಶವಾದ ಮೇಲೂ ಹಣ ಬರದಿದ್ದರೆ, ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಈ ಗಡುವನ್ನು ಮರೆತು ಹಕ್ಕನ್ನು ಕಳೆದುಕೊಳ್ಳಬಾರದು.

ಇಷ್ಟೆಲ್ಲ ಇದ್ದರೂ ಜೀವನಾಂಶ ಎಂಬುದು ಹೊಟ್ಟೆಬಟ್ಟೆಯ, ಮರ್ಯಾದೆಯ ಬದುಕಿನ ಏರ್ಪಾಡು. ಇಪ್ಪತ್ತು ವರ್ಷಗಳಲ್ಲಿ ಬೆಳೆದ ತೋಟದ ಬೆಲೆ ಅದರಲ್ಲಿ ನೇರವಾಗಿ ಬರುವುದಿಲ್ಲ.

ಮನೆಯಲ್ಲಿ ಇರುವ ಹಕ್ಕು ಮತ್ತು ಚಿನ್ನ

2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಹೆಂಡತಿಗೆ ಸಂಸಾರ ನಡೆದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ. ಆ ಮನೆ ಅತ್ತೆ ಅಥವಾ ಮಾವನ ಹೆಸರಿನಲ್ಲಿದ್ದರೂ ಈ ಹಕ್ಕು ಇರಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಇದು ವಾಸದ ಹಕ್ಕು, ಒಡೆತನವಲ್ಲ.

ಚಿನ್ನದ ವಿಷಯ ಬೇರೆ. ಮದುವೆಯಲ್ಲಿ ತವರಿನವರೂ ಬಂಧುಗಳೂ ಹೆಣ್ಣಿಗೆ ಕೊಟ್ಟ ಚಿನ್ನ, ಉಡುಗೊರೆ, ಹಣ ಸ್ತ್ರೀಧನ. ಅದು ಪೂರ್ತಿಯಾಗಿ ಆಕೆಯದು. 2024ರ ಏಪ್ರಿಲಿನಲ್ಲಿ ಕೇರಳದ ಒಂದು ಪ್ರಕರಣದಲ್ಲಿ, ಮದುವೆಯ ವೇಳೆ ಬಂದ 89 ಪವನು ಚಿನ್ನ ಗಂಡನ ಮನೆಯವರ ಸಾಲ ತೀರಿಸಲು ಬಳಕೆಯಾಗಿತ್ತೆಂಬ ದೂರನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟು, 25 ಲಕ್ಷ ರೂಪಾಯಿ ಮರಳಿಸಲು ಆದೇಶಿಸಿತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಹಿಂದಿರುಗಿಸುವ ಹೊಣೆ ಆತನ ಮೇಲಿದೆ ಎಂಬುದು ಕೋರ್ಟಿನ ನಿಲುವು. ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಿನ ಸಾಕ್ಷ್ಯ ಇಲ್ಲಿ ಬೇಕಿಲ್ಲ. ಆದರೂ ಚಿನ್ನದಂಗಡಿಯ ಬಿಲ್ಲು, ಅಡವಿನ ಚೀಟಿ, ಮದುವೆಯ ಫೋಟೋಗಳು ಇದ್ದರೆ ಬಹಳ ಸಹಾಯವಾಗುತ್ತದೆ.

ಗಂಡ ತೀರಿಕೊಂಡರೆ

ವಿಚಿತ್ರವೆಂದರೆ, ಬದುಕಿದ್ದಾಗ ಪಾಲು ಕೊಡದ ಕಾನೂನು ವಿಧವೆಗೆ ಪಾಲು ಕೊಡುತ್ತದೆ. ವೀಲುನಾಮೆ ಬರೆಯದೆ ಹಿಂದೂ ಪುರುಷ ತೀರಿಕೊಂಡರೆ ಹೆಂಡತಿ, ತಾಯಿ ಮತ್ತು ಮಕ್ಕಳು ಸಮಾನ ವಾರಸುದಾರರು. ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದರೆ ಐದು ಸಮಪಾಲು. ಮುಸ್ಲಿಂ ಕಾನೂನಿನಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು; ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮಕ್ಕಳಿದ್ದಾಗ ಮೂರನೇ ಒಂದು. ಬೇರೆ ಬೇರೆಯಾಗಿ ವಾಸಿಸುತ್ತಿದ್ದರೂ ವಿಚ್ಛೇದನವಾಗದಿದ್ದರೆ ಆಕೆ ಹೆಂಡತಿಯೇ. ವಿಚ್ಛೇದನವಾಗಿದ್ದರೆ ಏನೂ ಇಲ್ಲ. ಹಿಂದೂ ಗಂಡ ತನ್ನ ಸ್ವಯಾರ್ಜಿತವನ್ನು ಪೂರ್ತಿಯಾಗಿ ಬೇರೊಬ್ಬರಿಗೆ ವೀಲು ಬರೆದಿಡಬಹುದು. ಮುಸ್ಲಿಂ ಕಾನೂನಿನಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ಬರೆಯುವಂತಿಲ್ಲ.

ಹೆಂಡತಿ ಮೊದಲು ತೀರಿಕೊಂಡರೆ ಅಳಿಯಸಂತಾನದ ನೆರಳು ಇಂದಿಗೂ ಕಾಣಿಸುತ್ತದೆ. ಸಾಮಾನ್ಯ ಹಿಂದೂ ನಿಯಮದಲ್ಲಿ ಆಕೆಯ ಆಸ್ತಿಗೆ ಮಕ್ಕಳ ಜೊತೆ ಗಂಡನೂ ಮೊದಲ ಸಾಲಿನ ವಾರಸುದಾರ. ಆದರೆ ಉತ್ತರಾಧಿಕಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅಳಿಯಸಂತಾನ ಮತ್ತು ಮರುಮಕ್ಕತ್ತಾಯ ಮೂಲದ ಮಹಿಳೆಯ ಆಸ್ತಿ ಮೊದಲು ಮಕ್ಕಳಿಗೂ ಆಕೆಯ ತಾಯಿಗೂ ಹೋಗುತ್ತದೆ. ಅವರಾರೂ ಇಲ್ಲದಿದ್ದರೆ ಮಾತ್ರ ತಂದೆ ಮತ್ತು ಗಂಡನಿಗೆ. ವಿಲೇಜ್ ಆಫೀಸಿನಲ್ಲಿ ಖಾತೆ ಬದಲಾವಣೆಗೆ ಹೋಗುವ ಗಂಡಂದಿರು ಇದನ್ನು ತಿಳಿದಿರಬೇಕು.

ಧರ್ಮಾಧಾರಿತ ಪಾಲನ್ನು ಬದಲಿಸಿಕೊಳ್ಳಲು ಒಂದು ದಾರಿಯಿದೆ ಎಂಬುದನ್ನು ನಮ್ಮ ಜಿಲ್ಲೆಯವರೇ ತೋರಿಸಿದ್ದಾರೆ. 2023ರ ಮಾರ್ಚ್ 8ರಂದು ವಕೀಲರೂ ನಟರೂ ಆದ ಸಿ. ಶುಕ್ಕೂರ್ ಮತ್ತು ಅವರ ಪತ್ನಿ ಶೀನಾ ಹೊಸದುರ್ಗದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆಯಾದರು. ಮುಸ್ಲಿಂ ಕಾನೂನಿನಂತೆ ಹಂಚಿಹೋಗದೆ ಮೂವರು ಹೆಣ್ಣುಮಕ್ಕಳಿಗೇ ಪೂರ್ತಿ ಆಸ್ತಿ ಸಲ್ಲಬೇಕೆಂಬುದು ಅವರ ಉದ್ದೇಶವಾಗಿತ್ತು. ಆ ಕಾಯ್ದೆಯಡಿ ನೋಂದಾಯಿಸಿದರೆ 1925ರ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುವುದರಿಂದ ಹೆಂಡತಿಯ ಪಾಲೂ ಎಂಟನೇ ಒಂದರಿಂದ ಮೂರನೇ ಒಂದಕ್ಕೆ ಏರುತ್ತದೆ. ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಮುಂದುವರಿಯುತ್ತದೆ.

ಸುಧಾರಣೆಯ ಪ್ರಸ್ತಾಪಗಳು

ಸಂಸಾರ ಮುರಿದಾಗಲೂ ಆಸ್ತಿಯಲ್ಲಿ ಪಾಲು ಬೇಕು ಎಂಬ ಪ್ರಸ್ತಾಪ ಸಂಸತ್ತಿನ ಅರ್ಧ ದಾರಿಯವರೆಗೆ ಹೋಗಿತ್ತು. ಮದುವೆ ಸರಿಪಡಿಸಲಾಗದಷ್ಟು ಮುರಿದುಬಿದ್ದಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೊಡುವಾಗ, ಗಂಡನ ಸ್ಥಿರಾಸ್ತಿಯಿಂದ ಹೆಂಡತಿ ಮಕ್ಕಳಿಗೆ ಪರಿಹಾರ ಕೊಡಿಸುವ ವಿವಾಹ ಕಾನೂನು ತಿದ್ದುಪಡಿ ಮಸೂದೆಗೆ 2013ರ ಆಗಸ್ಟಿನಲ್ಲಿ ರಾಜ್ಯಸಭೆ ಒಪ್ಪಿಗೆ ನೀಡಿತು. ಲೋಕಸಭೆಯಲ್ಲಿ ಅದು ಅಂಗೀಕಾರವಾಗದೆ 2014ರಲ್ಲಿ ಬಿದ್ದುಹೋಯಿತು. 2018ರಲ್ಲಿ ಕಾನೂನು ಆಯೋಗದ ಸಮಾಲೋಚನಾ ಪತ್ರ, ಮದುವೆಯ ನಂತರ ಗಳಿಸಿದ್ದನ್ನು ದಂಪತಿಯ ಒಂದೇ ಘಟಕವೆಂದು ನೋಡಬೇಕೆಂದು ಸೂಚಿಸಿತು. ಹಾಗೆಂದ ಮಾತ್ರಕ್ಕೆ ಎಲ್ಲ ಸಂದರ್ಭಗಳಲ್ಲೂ ಅರ್ಧರ್ಧ ಎಂದಲ್ಲ, ನ್ಯಾಯಾಲಯ ವಿವೇಚಿಸಿ ಹಂಚಬೇಕು ಎಂದೂ ಹೇಳಿತು.

ನ್ಯಾಯಾಲಯಗಳಲ್ಲಿಯೂ ಚಿಂತನೆ ಬದಲಾಗುತ್ತಿದೆ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣನ್ ರಾಮಸ್ವಾಮಿ, ಗಂಡ ಹೊರದೇಶದಲ್ಲಿ ದುಡಿಯುತ್ತಿದ್ದಾಗ ಮನೆಯನ್ನು ನೋಡಿಕೊಂಡ ಗೃಹಿಣಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಟ್ಟ ಕೊಡುಗೆಯೇ ಎಂದು ಆಕೆಗೆ ಸಮಪಾಲನ್ನು ಎತ್ತಿಹಿಡಿದರು. ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ಮನೆಗಳಿರುವ ನಮ್ಮ ಜಿಲ್ಲೆಗೆ ಇದಕ್ಕಿಂತ ಹತ್ತಿರದ ತೀರ್ಪು ಇನ್ನೊಂದಿಲ್ಲ. ಆದರೆ ಅದು ತಮಿಳುನಾಡಿನ ಹೈಕೋರ್ಟಿನದು. ಕಾಸರಗೋಡಿನ ಕುಟುಂಬ ನ್ಯಾಯಾಲಯದಲ್ಲಿ ಅದನ್ನು ವಾದಕ್ಕೆ ಬಳಸಬಹುದು, ಇಲ್ಲಿನ ನ್ಯಾಯಾಧೀಶರು ಅದನ್ನು ಅನುಸರಿಸಲೇಬೇಕೆಂದಿಲ್ಲ. ಪ್ರಸ್ತಾಪಗಳ ಬಗ್ಗೆ ನಿಜವಾದ ಆಕ್ಷೇಪಗಳೂ ಇವೆ: ಪಿತ್ರಾರ್ಜಿತ ತೋಟ ತುಂಡಾಗುವ ಭಯ, ಆಸ್ತಿಯಿಲ್ಲದೆ ಸಾಲವೇ ಇದ್ದರೆ ಅದನ್ನೂ ಹಂಚಬೇಕೇ ಎಂಬ ಪ್ರಶ್ನೆ, ಅಲ್ಪಕಾಲದ ಮದುವೆಗೂ ದೀರ್ಘಕಾಲದ ಮದುವೆಗೂ ಒಂದೇ ಅಳತೆಯೇ ಎಂಬ ಅನುಮಾನ.

ಗಡಿಯ ಆಚೆ ಈಚೆ

ಇಲ್ಲಿನ ಅನೇಕ ಸಂಸಾರಗಳಲ್ಲಿ ಒಬ್ಬರು ತಲಪಾಡಿಯ ಆಚೆಯವರು. ಹಿಂದೂ ವಿವಾಹ ಕಾಯ್ದೆಯಡಿಯ ವಿಚ್ಛೇದನದ ಅರ್ಜಿಯನ್ನು ಹೆಂಡತಿ ತಾನು ವಾಸಿಸುವ ಊರಿನ ನ್ಯಾಯಾಲಯದಲ್ಲೇ ಹಾಕಬಹುದು. ಜೀವನಾಂಶದ ಅರ್ಜಿಗೂ ಅದೇ ಅನುಕೂಲವಿದೆ. ಹೀಗಾಗಿ ಮದುವೆಯಾಗಿ ಪುತ್ತೂರಿಗೆ ಹೋಗಿ ಮರಳಿ ಪೆರ್ಲಕ್ಕೆ ಬಂದವರು ಕೇಸಿಗಾಗಿ ಕರ್ನಾಟಕಕ್ಕೆ ಅಲೆಯಬೇಕಿಲ್ಲ. ಜಮೀನಿನ ವಿಷಯ ಹಾಗಲ್ಲ: 1975ರ ಕೇರಳ ಕಾಯ್ದೆ ಗಡಿಯ ಆಚೆ ಅನ್ವಯವಾಗದ ಕಾರಣ, ಒಂದೇ ಕುಟುಂಬದ ಮಂಜೇಶ್ವರದ ಜಮೀನಿಗೂ ಬಂಟ್ವಾಳದ ಜಮೀನಿಗೂ ಪಾಲಿನ ಲೆಕ್ಕವನ್ನು ಬೇರೆ ಬೇರೆಯಾಗಿ ಹಾಕಬೇಕಾದೀತು. ಎರಡೂ ಕಡೆಯ ದಾಖಲೆಗಳನ್ನು ಒಬ್ಬರೇ ವಕೀಲರಿಗೆ ತೋರಿಸುವುದು ಒಳ್ಳೆಯದು.

ಕಾನೂನು ಬದಲಾಗುವವರೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಮನೆ ಅಥವಾ ಜಾಗ ಕೊಳ್ಳುವಾಗ ಆಧಾರವನ್ನು (ಕ್ರಯಪತ್ರವನ್ನು) ಇಬ್ಬರ ಹೆಸರಿನಲ್ಲೂ ಮಾಡಿಸಿ, ಯಾರ ಪಾಲು ಎಷ್ಟೆಂದು ಅದರಲ್ಲೇ ಬರೆಸಿದರೆ ಮುಂದಿನ ಸಾಕ್ಷ್ಯದ ತೊಡಕು ಅಲ್ಲಿಗೇ ಮುಗಿಯುತ್ತದೆ. ವ್ಯಾಜ್ಯ ಬಂದೇ ಬಿಟ್ಟರೆ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ವಿದ್ಯಾನಗರದ ಜಿಲ್ಲಾ ನ್ಯಾಯಾಲಯ ಸಂಕೀರ್ಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗುವಾಗ ಮದುವೆಯ ಪ್ರಮಾಣಪತ್ರ, ಜಾಗದ ಆಧಾರದ ಪ್ರತಿ, ತೀರ್ವೆಯ ರಸೀದಿ, ಬ್ಯಾಂಕ್ ಮತ್ತು ಸಾಲದ ಪುಸ್ತಕಗಳು, ಚಿನ್ನದ ಬಿಲ್ಲುಗಳನ್ನು ಕೊಂಡೊಯ್ಯಬೇಕು.